ನಾಲ್ಕನೇ ಹಾಸಿಗೆಯ ಐದು ಗಂಟೆಯ ನೀರು

ನಾಲ್ಕನೇ ಹಾಸಿಗೆಯ ರೋಗಿಗೆ ಯಾರೋ ಥೈರಾಯ್ಡ್ ಮಾತ್ರೆ ಕೊಟ್ಟಿದ್ದರು. ಬರೆದುಕೊಟ್ಟ ವೈದ್ಯರಿರಲಿಲ್ಲ, ಕೊಟ್ಟೆ ಎಂದು ಒಪ್ಪುವ ನರ್ಸ್ ಇರಲಿಲ್ಲ. ಆದರೆ ರಕ್ತಪರೀಕ್ಷೆಯ ಕಾಗದ ಡಾ. ನೆಸ್ಟೋರ್ ಹಿನೋಲನ್ ಕೈಯಲ್ಲಿತ್ತು.

ರೋಗಿ ಕ್ರಿಸಾಂತೊ ಗಲ್ವೆಸ್, ಪನಾಯ್ ದ್ವೀಪದ ಕರಾವಳಿಯ ಮೀನುಗಾರ. ಶ್ವಾಸಕೋಶದ ಸೋಂಕು ರಕ್ತಕ್ಕೇರಿ ತೀವ್ರ ನಿಗಾ ಘಟಕ ಸೇರಿ ಒಂಬತ್ತು ದಿನವಾಗಿತ್ತು. ಚೇತರಿಸಿಕೊಳ್ಳುತ್ತಿದ್ದವನ ಎದೆ ಹಿಂದಿನ ದಿನ ಇದ್ದಕ್ಕಿದ್ದಂತೆ ಲಯ ತಪ್ಪಿ, ನಿಮಿಷಕ್ಕೆ ನೂರೈವತ್ತರ ಮೇಲೆ ಬಡಿಯತೊಡಗಿತ್ತು. ಹಿನೋಲನ್ ಆಂಬುಲೆನ್ಸ್ ಚಾಲಕನನ್ನೇ ಓಡಿಸಿ ಹೊರಗಿನ ಲ್ಯಾಬಿನಿಂದ ಕಾಗದ ತರಿಸಿದ. ಮೂರನೇ ದಿನ ತಗ್ಗಿದ್ದ ಥೈರಾಯ್ಡ್ ಹಾರ್ಮೋನು ಈಗ ಮಿತಿ ಮೀರಿ ಏರಿತ್ತು.

ಬೆಳಿಗ್ಗೆ ಆರಕ್ಕೆ ಪಾಳಿ ಮುಗಿಸಿ ಹೊರಟಿದ್ದ ನರ್ಸ್ ಲಿಯೊನಿಲಾಳನ್ನು ಅವನು ವಾರ್ಡಿನ ನಡುವೆ ನಿಲ್ಲಿಸಿಕೊಂಡ.

"ಮೂರನೇ ಹಾಸಿಗೆ ಅಜ್ಜಿಗೆ ಥೈರಾಯ್ಡ್ ಮಾತ್ರೆ ಕೊಡೋಳು ನೀನೇ, ನಾಲ್ಕನೇದನ್ನ ನೋಡ್ಕೊಳ್ಳೋಳೂ ನೀನೇ. ಕಣ್ಣು ಎಲ್ಲಿಟ್ಟಿದ್ದೆ?"

"ನಾನು ಕೊಟ್ಟಿಲ್ಲ ಡಾಕ್ಟ್ರೇ. ಇವರಿಗೆ ಏನೇನು ಹೋಗಿದ್ಯೋ ಎಲ್ಲಾ ಬರ್ದಿದ್ದೀನಿ."

"ಬರ್ದಿದ್ದಾಳಂತೆ. ನಿನ್ನ ಲೈಸೆನ್ಸ್ ಹೋಗೋ ಕಾಗದ ನಾನು ಬರೀತೀನಿ, ನೋಡ್ತಿರು."

ಇಡೀ ವಾರ್ಡು ಕೇಳಿಸಿಕೊಂಡಿತು. ಅವನು ಬರೆದೂ ಬಿಟ್ಟ. ಎಂಟಕ್ಕೆ ಮುಖ್ಯ ವೈದ್ಯಾಧಿಕಾರಿ ಬಂದು ಸಹಿ ಹಾಕಿದರೆ ಲಿಯೊನಿಲಾಳ ಕೆಲಸವೂ ಹೋಗುತ್ತಿತ್ತು, ಮುಂದೆ ಎಲ್ಲೂ ಕೆಲಸ ಸಿಗುತ್ತಿರಲಿಲ್ಲ.

ಅಷ್ಟರಲ್ಲಿ ಸುದ್ದಿ ತಿಳಿದು ಔಷಧಿ ಉಗ್ರಾಣದ ಮುಖ್ಯಸ್ಥೆ ಯುಸ್ತಾಕಿಯಾ ಪಲ್ಮಾರೆಸ್ ಮೆಟ್ಟಿಲು ಹತ್ತಿ ಬಂದಳು. ಹಿಂದೆ ಮೂರು ಸಲ ಈ ಆಸ್ಪತ್ರೆಯ ಗುಟ್ಟು ಬಿಡಿಸಿದವಳು. ಮೂರು ಸಲವೂ ಅವಳ ಹಿಂದೆ ಹಿಂದೆ ಓಡಾಡಿ, ಆಮೇಲೆ ಊರಿಗೆಲ್ಲ ಅದನ್ನು ಹೇಳಿಕೊಂಡು ತಿರುಗಿದವನು ಹಿನೋಲನ್.

"ಕಾಗದ ಕಳಿಸ್ಬೇಡ ನೆಸ್ಟೋರ್. ಅಜ್ಜಿ ಮಾತ್ರೆ ದಿನಕ್ಕೆ ಒಂದೇ, ಅದೂ ಸಣ್ಣದು. ಅಷ್ಟೂ ಇವನ ಹೊಟ್ಟೆಗೇ ಹೋಗಿದ್ರೂ ರಕ್ತ ಇಷ್ಟು ಏರಲ್ಲ. ಯಾರೋ ದಿನಾ ನಾಲ್ಕೈದು ಕೊಟ್ಟಿದ್ದಾರೆ."

"ಕೊಲ್ಲೋಕೆ ಅಂತಾನಾ ಅಕ್ಕಾ?"

"ಬಾ, ನೋಡೋಣ."

ಹಾಸಿಗೆಯ ಪಕ್ಕ ಕ್ರಿಸಾಂತೊನ ಅಕ್ಕ ಸಾಲುದ್ ಕೂತಿದ್ದಳು. ಬಂದ ದಿನದಿಂದ ಕಾವಲು ಅವಳದೇ. ನರ್ಸುಗಳು ಸಾಲದ್ದರಿಂದ ಮೂಗಿನ ನಳಿಕೆಗೆ ಗಂಜಿ ಹಾಕುವುದೂ ಅವಳೇ. ಏಪ್ರಿಲ್ ಸೆಕೆಯಲ್ಲೂ ಕುತ್ತಿಗೆಗೆ ಕರವಸ್ತ್ರ ಬಿಗಿದುಕೊಂಡಿದ್ದಳು. ಇಬ್ಬರನ್ನೂ ಕಂಡು ಎದ್ದು ನಿಂತು, ಫ್ಲಾಸ್ಕಿನಿಂದ ಯುಸ್ತಾಕಿಯಾಗೆ ಕಾಫಿ ಬಗ್ಗಿಸಿಕೊಟ್ಟಳು.

"ನೀವೂ ಕುಡೀರಿ," ಎಂದಳು ಯುಸ್ತಾಕಿಯಾ.

"ನಾನು ಕುಡಿಯೋಕೆ ಇನ್ನೂ ಅರ್ಧ ಗಂಟೆ ಆಗ್ಬೇಕು." ಸಾಲುದ್ ಹಿನೋಲನ್ ಕಡೆ ತಿರುಗಿದಳು. "ಡಾಕ್ಟ್ರೇ, ಆ ಕಡಿಮೆ ಇದ್ದಿದ್ದು ಈಗ ಸರಿಹೋಯ್ತಾ?"

"ಅದೆಲ್ಲ ನಿಮಗ್ಯಾಕೆ? ಕೂತ್ಕೊಳ್ಳಿ."

ಯುಸ್ತಾಕಿಯಾ ಲಿಯೊನಿಲಾ ಬರೆದಿಟ್ಟ ಹಾಳೆಗಳನ್ನು ಒಂದೊಂದಾಗಿ ಓದಿದಳು. ಗಂಜಿ ಆರು ಗಂಟೆಗೆ. ಆದರೆ ಐದನೇ ದಿನದಿಂದ ಅದಕ್ಕೂ ಮೊದಲು ಇನ್ನೊಂದು ಸಾಲು ಇತ್ತು: 'ಐದು ಗಂಟೆ. ನೀರು, ಮೂವತ್ತು ಮಿಲಿ. ಅಕ್ಕನ ಕೈಯಿಂದ.'

"ಮೂರನೇ ದಿನದ ರಕ್ತವನ್ನ ಲ್ಯಾಬಿಗೆ ಒಯ್ದಿದ್ದು ಯಾರು?" ಎಂದು ಹಿನೋಲನ್‌ನನ್ನು ಕೇಳಿದಳು.

"ಮನೆಯವರೇ. ಯಾವಾಗ್ಲೂ ಹಾಗೇ ಅಲ್ವಾ? ಕಾಗದಾನೂ ಅವರೇ ತಂದ್ಕೊಟ್ರು."

"ಆ ಪರೀಕ್ಷೆ ಯಾಕೆ ಬರ್ದೆ? ಥೈರಾಯ್ಡ್ ಕಾಯಿಲೆ ಅಂತ ಗುಮಾನಿ ಏನಾದ್ರೂ ಇತ್ತಾ?"

"ಇರ್ಲಿಲ್ಲ. ಎಲ್ಲದರ ಜೊತೆ ಅದನ್ನೂ ಬರ್ದೆ. ಅಭ್ಯಾಸ." ಹಿನೋಲನ್‌ನ ಕಿವಿ ಬಿಸಿಯಾಯಿತು. ಏಕೆಂದು ಅವನಿಗೇ ಇನ್ನೂ ತಿಳಿದಿರಲಿಲ್ಲ.

ಎಂಟಕ್ಕೆ ನರ್ಸುಗಳ ಊಟದ ಕೋಣೆಯಲ್ಲಿ ಐವರು ಸೇರಿದರು. ಮುಖ್ಯ ವೈದ್ಯಾಧಿಕಾರಿಯ ಮುಂದೆ ಹಿನೋಲನ್ ಬರೆದ ಕಾಗದವಿತ್ತು. ಲಿಯೊನಿಲಾ ಬಾಗಿಲ ಹತ್ತಿರ ನಿಂತೇ ಇದ್ದಳು. ಸಾಲುದ್ ಬೆಂಚಿನ ತುದಿಯಲ್ಲಿ ಮುದುಡಿ ಕೂತಿದ್ದಳು.

"ಈ ಹುಡುಗಿ ತಪ್ಪು ಮಾಡಿದ್ರೆ ಮುಚ್ಚಿಡ್ತಿದ್ಲು," ಎಂದು ಯುಸ್ತಾಕಿಯಾ ಶುರು ಮಾಡಿದಳು. "ಇವಳು ಮೂವತ್ತು ಮಿಲಿ ನೀರನ್ನೂ ಬಿಡದೆ ಬರ್ದಿದ್ದಾಳೆ. ಗಂಜಿಗೆ ಸರಿಯಾಗಿ ಒಂದು ಗಂಟೆ ಮುಂಚೆ ಬರೀ ಹೊಟ್ಟೆಗೆ ನೀರು ಯಾಕೆ? ಥೈರಾಯ್ಡ್ ಮಾತ್ರೇನ ಹಾಗೇ ತಗೋಬೇಕು. ತಗೊಂಡು ಒಂದು ಗಂಟೆ ಏನೂ ಮುಟ್ಟಬಾರದು, ಕಾಫೀನೂ. ಆ ನಿಯಮ ದಿನಾ ಮಾತ್ರೆ ನುಂಗೋರಿಗೆ ಮೈಗೂಡಿರುತ್ತೆ." ದನಿ ತಗ್ಗಿಸಿದಳು. "ಸಾಲುದಕ್ಕಾ, ಆ ಕರವಸ್ತ್ರದ ಕೆಳಗೆ ಹೊಲಿಗೆ ಗುರುತಿದೆ ಅಲ್ವಾ?"

ಸಾಲುದ್ ಕರವಸ್ತ್ರ ಬಿಚ್ಚಿದಳು. ಗಂಟಲಿಗೆ ಅಡ್ಡಲಾಗಿ ಹಳೆಯ ಗಾಯದ ಗೆರೆ ಕಂಡಿತು.

"ನಾನೇ ಕೊಟ್ಟೆ. ನನ್ನ ಗಂಟಲಿನ ಥೈರಾಯ್ಡ್ ತೆಗೆದು ಹಾಕಿದ ಮೇಲೆ ಈ ಮಾತ್ರೆಯಿಂದಾನೇ ಎದ್ದು ಓಡಾಡ್ತಿದ್ದೀನಿ. ತಮ್ಮಂದೂ ಕಡಿಮೆ ಅಂತ ಲ್ಯಾಬ್ ಕಾಗದದಲ್ಲಿ ಕೆಂಪಕ್ಷರದಲ್ಲಿತ್ತು. ಎಲ್ಲಾ ಔಷಧಿಗೂ ಚೀಟಿ ಕೊಡ್ತಾರೆ, ನಾವು ಹೊರಗಿಂದ ತರ್ತೀವಿ. ಇದಕ್ಕೆ ಮಾತ್ರ ಚೀಟಿ ಬರ್ಲಿಲ್ಲ. ಇವ್ರ ಕೈಲಿ ಕೊಳ್ಳೋಕಾಗಲ್ಲ ಅಂತ ಡಾಕ್ಟ್ರು ಬಿಟ್ಟಿರ್ಬೇಕು ಅಂದ್ಕೊಂಡೆ. ನನ್ನದನ್ನೇ ಅರೆದು ಹಾಕ್ದೆ. ಅವನು ದೊಡ್ಡ ಆಳು ಅಂತ ಐದೈದು." ಅವಳು ಕರವಸ್ತ್ರವನ್ನು ಮಡಿಚಿದಳು. "ಬೈತಾರೆ ಅಂತ ಹೇಳ್ಲಿಲ್ಲ."

"ಅದು ರೋಗ ಅಲ್ಲಕ್ಕಾ," ಎಂದಳು ಯುಸ್ತಾಕಿಯಾ. "ದೀಪದಲ್ಲಿ ಎಣ್ಣೆ ಕಡಿಮೆ ಇದ್ದಾಗ ಬತ್ತಿ ತಗ್ಗಿಸ್ತೀವಲ್ಲ, ಹಾಗೆ. ಮೈ ಸಾವಿನ ಜೊತೆ ಗುದ್ದಾಡ್ತಿರುವಾಗ ಆ ಹಾರ್ಮೋನನ್ನ ತಾನೇ ಇಳಿಸುತ್ತೆ. ಥೈರಾಯ್ಡ್ ಕೆಟ್ಟಿರಲ್ಲ. ಮೈ ಸುಧಾರಿಸಿದ್ರೆ ಅದೂ ಏರುತ್ತೆ. ನೀವು ಬತ್ತೀನ ಒಮ್ಮೆಲೇ ಎತ್ತಿಬಿಟ್ರಿ."

ಮುಖ್ಯ ವೈದ್ಯಾಧಿಕಾರಿ ಕೇಳಿದರು: "ಯಾವ ಡಾಕ್ಟ್ರನ್ನೂ ಕೇಳ್ಲಿಲ್ವಾ ನೀವು?"

ಸಾಲುದ್ ನೆಲ ನೋಡಿದಳು. "ಡಾಕ್ಟ್ರಿಗೆ ತುಂಬಾ ಕೆಲಸ ಇರುತ್ತೆ ಸಾರ್."

ಆಗ ಹಿನೋಲನ್‌ಗೆ ಕಾರಿಡಾರಿನ ಆ ಮಧ್ಯಾಹ್ನ ನೆನಪಾಯಿತು. ಲ್ಯಾಬಿನ ಲಕೋಟೆ ಹಿಡಿದು ಅಡ್ಡ ನಿಂತ ಹೆಂಗಸು, ಬೆವರಿಗೆ ಒದ್ದೆಯಾದ ಕರವಸ್ತ್ರ, ಅರ್ಧಕ್ಕೇ ನಿಂತ ಪ್ರಶ್ನೆ. ಅವಳು ಈಗಲೂ ಅವನ ಮಾನ ಕಾಯುತ್ತಿದ್ದಳು. ಅವನಿಗೆ ಭೂಮಿಗಿಳಿದು ಹೋದಂತಾಯಿತು.

"ಕೇಳಿದ್ರು," ಎಂದ. "ನನ್ನನ್ನೇ ಕೇಳಿದ್ರು. 'ಕಡಿಮೆ ಇದೆ, ದಾರಿ ಬಿಡಿ' ಅಂದೆ. ಬೇಡದ ಪರೀಕ್ಷೆ ಬರ್ದೋನೂ ನಾನೇ."

ಮುಖ್ಯ ವೈದ್ಯಾಧಿಕಾರಿ ಕಾಗದವನ್ನು ಅವನತ್ತ ಸರಿಸಿದರು. ಅವನು ಅದನ್ನು ಹರಿದು, ಬಾಗಿಲ ಹತ್ತಿರ ಹೋಗಿ ಮೆಲ್ಲಗೆ, "ತಪ್ಪಾಯ್ತು ಲಿಯೊನಿಲಾ," ಎಂದ.

"ಬೈದಿದ್ದು ಇಷ್ಟು ಮೆಲ್ಲಗಲ್ವಲ್ಲ," ಎಂದಳು ಯುಸ್ತಾಕಿಯಾ ಹಿಂದಿನಿಂದ. "ಇಲ್ಲೂ ಅಲ್ಲ."

ಹಿನೋಲನ್ ವಾರ್ಡಿಗೆ ನಡೆದ, ಉಳಿದವರೂ ಹಿಂದೆ ಬಂದರು. ಬೆಳಿಗ್ಗೆ ನಿಂತಿದ್ದ ಜಾಗದಲ್ಲೇ ನಿಂತು, ಅಷ್ಟೇ ದೊಡ್ಡ ದನಿಯಲ್ಲಿ, ತಪ್ಪು ತನ್ನದು, ಲಿಯೊನಿಲಾಳದಲ್ಲ ಎಂದು ಹೇಳಿದ. ಮೂರನೇ ಹಾಸಿಗೆಯ ಅಜ್ಜಿ ತಲೆ ಎತ್ತಿ ನೋಡಿದಳು. ಲಿಯೊನಿಲಾ ಅವನ ಮುಖ ನೋಡಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. ಚೀಲ ಹೆಗಲಿಗೇರಿಸಿದವಳು ಮತ್ತೆ ಕೆಳಗಿಟ್ಟು ನಾಲ್ಕನೇ ಹಾಸಿಗೆಯ ಹಾಳೆ ತೆಗೆದಳು. ಎದೆಬಡಿತ ತಗ್ಗಿಸಲು ಕೊಟ್ಟ ಔಷಧಿ ಹಿಡಿದು ನಾಡಿ ನೂರಹತ್ತಕ್ಕೆ ಇಳಿದಿತ್ತು. ಬರೆದುಕೊಂಡಳು.

ಸಾಲುದ್ ಗೋಡೆಗೆ ಒತ್ತಿಕೊಂಡು ನಿಂತು ಅವನಿಗೆ ದಾರಿ ಬಿಟ್ಟಳು.

ಅವನು ದಾಟಿ ಹೋಗಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತ. "ಆವತ್ತು ಏನೋ ಕೇಳ್ತಿದ್ರಲ್ಲ ಅಕ್ಕಾ," ಎಂದ. "ಪೂರ್ತಿ ಕೇಳಿ."