ಗಂಟಿಲ್ಲದ ಕಸೂತಿ

ಬಹಳ ಹಿಂದೆ, ನವಿಲಿನ ಮೈಮೇಲೆ ಬಳಿದ ಬಣ್ಣ ಇನ್ನೂ ಸರಿಯಾಗಿ ಒಣಗಿರದ ಕಾಲದಲ್ಲಿ, ಹವಳದುರ್ಗವೆಂಬ ಒಂದು ರಾಜ್ಯವಿತ್ತು. ಅದನ್ನು ರಾಣಿ ಕಾಂಚನಮಾಲೆ ಆಳುತ್ತಿದ್ದಳು. ಮೂರು ವರ್ಷಕ್ಕೊಮ್ಮೆ ಅವಳು ಮನೆಸಿರಿ ಮೇಳ ನಡೆಸುತ್ತಿದ್ದಳು. ನೂರು ಕಂಬದ ಚಾವಡಿಯಲ್ಲಿ ನಾಡಿನ ಕೈಕೆಲಸದವರೆಲ್ಲ ಮಳಿಗೆ ಹಾಕುತ್ತಿದ್ದರು. ಚಿತ್ತಾರದ ಮಡಕೆ, ಅರಗಿನ ಬಣ್ಣದ ತೊಟ್ಟಿಲು, ಚಾಪೆ, ಜಮಖಾನ, ಬಾಗಿಲ ಪರದೆ ಎಲ್ಲವೂ ಅಲ್ಲಿ ಮೆರೆಯುತ್ತಿದ್ದವು. ಐವತ್ತಾರು ದೇಶದ ವರ್ತಕರು ಬಂದು ನೋಡಿ, ಮೆಚ್ಚಿದ್ದನ್ನು ಮುಂದಿನ ಮೂರು ವರ್ಷಕ್ಕೆ ಹೇಳಿ ಮಾಡಿಸಿಕೊಳ್ಳುತ್ತಿದ್ದರು.

ಅಲ್ಲಿ ಒಂದು ಕೆಟ್ಟ ಪದ್ಧತಿಯೂ ಇತ್ತು. ಸತತ ಮೂರು ಮೇಳಗಳಲ್ಲಿ ಯಾರೂ ಮೆಚ್ಚದ ಕಸುಬಿನ ಹೆಸರನ್ನು ಅರಮನೆಯ ಕಡತದಿಂದ ಅಳಿಸಿಬಿಡುತ್ತಿದ್ದರು. ಆಮೇಲೆ ಆ ಕಸುಬಿನವರು ಚಾವಡಿಯ ಮೆಟ್ಟಿಲು ಹತ್ತುವಂತಿರಲಿಲ್ಲ.

ಸೂಜಿಕೇರಿಯ ಕಸೂತಿ ಹೆಂಗಸರ ಕೆಲಸವನ್ನು ಹಿಂದಿನ ಎರಡು ಮೇಳಗಳಲ್ಲಿ ಯಾರೂ ಮೆಚ್ಚಿರಲಿಲ್ಲ. ನೋಡಿದ್ದರೆ ತಾನೇ ಮೆಚ್ಚುವುದು! ಮಾರುವ ಮೊದಲೇ ಬಟ್ಟೆಯ ಮಡಿಕೆ ಬಿಚ್ಚಿದರೆ ದೃಷ್ಟಿ ತಾಗುತ್ತದೆ ಎಂದು ಆ ಕೇರಿಯವರು ನಂಬಿದ್ದರು. ಕೇರಿಯ ಹಿರಿಯಳು ದುಂಡವ್ವ ಎರಡು ಸಲವೂ ಮೂಟೆ ಕಟ್ಟಿಕೊಂಡು ಹೋಗಿ, ಮಳಿಗೆಯಲ್ಲಿ ಆ ಮೂಟೆಯ ಮೇಲೆಯೇ ಕೂತು, ನಾಲ್ಕು ದಿನ ಎಲೆ ಅಡಿಕೆ ಮೆದ್ದು ಎದ್ದು ಬಂದಿದ್ದಳು. ಬಂದವಳು ವರ್ತಕರಿಗೆ ಕಣ್ಣಿಲ್ಲ ಎಂದು ಬೈದಿದ್ದಳು.

ಮೂರನೆಯ ಮೇಳ ಬಂದಾಗ ದುಂಡವ್ವನ ಮೊಣಕಾಲು ಊದಿಕೊಂಡಿತ್ತು. ಸೊಸೆ ಪಾರವ್ವನನ್ನು ಕರೆದಳು.

"ಪಾರೀ, ಈ ಸಲ ನೀನ ಹೋಗು. ಅಲ್ಲಿ ಹೋಗಿ ಮಡಿಕಿ ಬಿಚ್ಚಿದ್ಯೋ, ನನ್ನ ಹೊಸ್ತಿಲಾ ತುಳೀಬ್ಯಾಡ ನೋಡು."

"ಹೂಂ ಅತ್ತಿ," ಅಂದಳು ಪಾರವ್ವ. ಚಾವಡಿ ಮುಟ್ಟಿದ ಕೂಡಲೇ ಎಲ್ಲ ಮಡಿಕೆಯನ್ನೂ ಬಿಚ್ಚಿದಳು.

ಬಿಚ್ಚಿ ತೂಗುಹಾಕಿ, ದೂರ ನಿಂತು ನೋಡಿದವಳು ತಾನೇ ಬೆರಗಾದಳು. ಕಪ್ಪು ಬಟ್ಟೆಯ ಮೇಲೆ ಕೆಂಪು ಅಂಬಾರಿಯ ಆನೆಗಳು, ಹಳದಿ ಗೋಪುರಗಳು, ಹಸಿರು ತುಳಸಿಕಟ್ಟೆಗಳು. ದಿಂಬಿನ ಚೀಲ, ತೊಟ್ಟಿಲ ಹೊದಿಕೆ, ಕೂಸಿನ ಕುಂಚಿಗೆ, ಎಂಟು ಮೊಳದ ಪರದೆ. ಕೇರಿಯ ಅರವತ್ತಮೂರು ಹೆಂಗಸರು ಮೂರು ವರ್ಷ ಕಣ್ಣು ಸಣ್ಣದು ಮಾಡಿ ಹೊಲಿದದ್ದು ಒಟ್ಟಿಗೆ ಕಂಡದ್ದು ಅದೇ ಮೊದಲು. ಅವಳ ಎದೆ ಉಬ್ಬಿತು.

ಎದುರು ಮಳಿಗೆ ಧೂಸರನೆಂಬ ಪರದೇಶಿಯದು. ಅವನಲ್ಲಿದ್ದದ್ದು ಒಂದೇ ಪರದೆ, ಅದೂ ಬೂದಿಬಣ್ಣದ್ದು. ಅದರ ಮೇಲೆ ಒಂದು ಗಿಳಿ, ಒಂದು ಹುಲಿ, ಒಂದು ಹೆಬ್ಬಾವು. ಮೂರೂ ಬೂದಿಬಣ್ಣದವೇ. ನೋಡಿದವರು ಮೂಗು ಮುರಿದರು. "ನನ್ನ ಬಣ್ಣ ಮೂರು ದಿನಕ್ಕೆ ಅರಳುತ್ತದೆ, ಕಾಯಿರಿ," ಎಂದ ಧೂಸರ. ಅವನು ಮಾಂತ್ರಿಕನೆಂದು ಯಾರಿಗೂ ಗೊತ್ತಿರಲಿಲ್ಲ.

ಮೊದಲ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದರು. ಪಾರವ್ವ ಮಳಿಗೆಯಲ್ಲೇ ಕೂತು ರೊಟ್ಟಿ ಮುರಿಯುತ್ತಿದ್ದಳು. ಆಗ ಪರದೆಯ ಗಿಳಿ ಹಾರಿ ಕೆಳಗಿಳಿಯಿತು. ಪ್ರತಿ ವಸ್ತುವಿನಲ್ಲೂ ಕೆಲಸ ಮುಗಿದ ಒಂದು ತುದಿ ಇರುತ್ತದೆ. ಜಮಖಾನಕ್ಕೆ ಕೊನೆಯ ಗಂಟು, ಮಡಕೆಯ ಚಿತ್ತಾರಕ್ಕೆ ಕುಂಚ ಎತ್ತಿದ ಚುಕ್ಕೆ. ಗಿಳಿ ಆ ತುದಿ ಹುಡುಕಿ ಕೊಕ್ಕಿನಲ್ಲಿ ಹಿಡಿದು ಹೀರಿತು. ಚಾವಡಿಯ ಹಸಿರೆಲ್ಲ ಹೋಯಿತು. ಕೊನೆಗೆ ಪಾರವ್ವನ ಮುಂದೆ ಬಂದು ಕೂತಿತು.

"ತುದಿ ಎಲ್ಲಿದೆ, ತೋರಿಸು."

"ಇದ್ರ ಹುಡುಕ್ಕೋ."

ಗಿಳಿ ಹಿಂದೆ ಮುಂದೆ ಹುಡುಕಿತು. ಸೂಜಿಕೇರಿಯವರು ಗಂಟು ಹಾಕುವವರಲ್ಲ. ದಾರ ಒಂದು ಹೊಲಿಗೆ ಬಿಟ್ಟು ಒಂದು ಹೊಲಿಗೆ ಹಾಕುತ್ತ ಹೋಗುತ್ತದೆ, ಬಿಟ್ಟದ್ದನ್ನು ತುಂಬುತ್ತ ಹಿಂದಿರುಗುತ್ತದೆ, ಶುರುವಾದಲ್ಲೇ ಬಂದು ಹೊಲಿಗೆಯೊಳಗೆ ಅಡಗಿಬಿಡುತ್ತದೆ. ಹಿಂದೂ ಅದೇ ಚಿತ್ರ, ಮುಂದೂ ಅದೇ ಚಿತ್ರ. ಗಿಳಿಗೆ ತುದಿ ಸಿಗಲಿಲ್ಲ. ಬೆಪ್ಪಾಗಿ ಹಾರಿಹೋಗಿ ಪರದೆ ಸೇರಿತು. ಊಟ ಮುಗಿಸಿ ಬಂದವರಿಗೆ ಪಾರವ್ವ ನಡೆದದ್ದನ್ನು ಹೇಳಿದರೆ, "ಹಸಿರು ಬಿಸಿಲಿಗೆ ಮಾಸಿದೆ, ನಿನಗೂ ಬಿಸಿಲಿಗೆ ತಲೆ ತಿರುಗಿದೆ," ಎಂದು ನಕ್ಕರು. ಪರದೆಯ ಗಿಳಿ ಮಾತ್ರ ಹಚ್ಚಹಸಿರಾಗಿ ಹೊಳೆಯುತ್ತಿತ್ತು.

ಎರಡನೆಯ ದಿನ ಮಧ್ಯಾಹ್ನ ಹುಲಿ ಇಳಿಯಿತು. ಚಾವಡಿಯ ಹಳದಿಯೆಲ್ಲ ನೆಕ್ಕಿ, ಪಾರವ್ವನ ಮುಂದೆ ನಿಂತು ಗರ್ಜಿಸಿತು. "ತುದಿ ಎಲ್ಲಿದೆ, ತೋರಿಸು. ಇಲ್ಲವಾದರೆ ನಿನ್ನನ್ನೇ ತಿನ್ನುತ್ತೇನೆ."

ಪಾರವ್ವನ ಕೈಯ ರೊಟ್ಟಿ ಕೆಳಗೆ ಬಿತ್ತು. ಆದರೂ ಕೂತಲ್ಲಿಂದ ಏಳಲಿಲ್ಲ. "ತಿನ್ನು. ನನ್ನ ತಿಂದ್ರೂ ತುದಿ ಸಿಗೂದಿಲ್ಲ. ಇಲ್ಲದ್ದು ಎಲ್ಲಿಂದ ಸಿಗ್ತೈತಿ?" ಅಂದಳು. ಪರದೆಯಿಂದ ಇಳಿದ ಹುಲಿಗೆ ಬಣ್ಣವೊಂದೇ ಆಹಾರ. ಅದು ಬಾಲ ಮುದುರಿ ಹೊರಟುಹೋಯಿತು.

ಮೂರನೆಯ ದಿನ ಹೆಬ್ಬಾವು ಇಳಿದು ಕೆಂಪನ್ನೆಲ್ಲ ನುಂಗಿತು. ಅದರ ಹಿಂದೆಯೇ ಧೂಸರನೂ ಬಂದ. ಅವನ ಮಾತು ಜೇನಿನಷ್ಟು ಸಿಹಿ.

"ತಾಯಿ, ಒಂದೇ ಒಂದು ಗಂಟು ಹಾಕು. ಒಂದು ಮೂಲೆಯಲ್ಲಿ, ಯಾರಿಗೂ ಕಾಣದ ಹಾಗೆ. ನಾಳೆ ರಾಣಿಯ ಕಡತದಲ್ಲಿ ಸೂಜಿಕೇರಿಯ ಹೆಸರು ಎಲ್ಲಕ್ಕಿಂತ ಮೇಲಿರುವಂತೆ ನಾನು ಮಾಡುತ್ತೇನೆ. ಇಲ್ಲದಿದ್ದರೆ ನಾಳೆ ಅಳಿಸಿಹೋಗುತ್ತದೆ, ನೆನಪಿಡು."

ಸುಳ್ಳು ಯಾಕೆ ಹೇಳಲಿ, ಪಾರವ್ವನ ಕೈ ಸೂಜಿಯವರೆಗೂ ಹೋಯಿತು. ಹೆಸರು ಅಳಿಸಿದರೆ ಕೇರಿಗೆ ಯಾವ ಮುಖ ಹೊತ್ತು ಹೋಗುವುದು? ಆಮೇಲೆ ಕುಂಚಿಗೆಯನ್ನು ನೋಡಿದಳು. ಗಂಟು ತಲೆಗೆ ಒತ್ತಿದರೆ ಕೂಸು ಅಳುತ್ತದೆ. ಗಂಟು ಬೇಡವೆಂದು ಅವ್ವಂದಿರು ಕಲಿಸಿದ್ದು ಅದಕ್ಕೇ.

"ನಮ್ಮ ಕೈಗೆ ಗಂಟು ಹಾಕೂದು ಬರೂದಿಲ್ಲ," ಎಂದು ಸೂಜಿಯನ್ನು ಕುಪ್ಪಸಕ್ಕೆ ಚುಚ್ಚಿಕೊಂಡಳು.

ನಾಲ್ಕನೆಯ ದಿನ ರಾಣಿ ಬಂದಳು. ಚಾವಡಿ ಸಾವಿನ ಮನೆಯಂತಿತ್ತು. ಮಡಕೆ, ತೊಟ್ಟಿಲು, ಜಮಖಾನ ಎಲ್ಲವೂ ಬೂದಿಬಣ್ಣಕ್ಕೆ ತಿರುಗಿದ್ದವು. ಬಣ್ಣ ಉಳಿದದ್ದು ಎರಡೇ ಮಳಿಗೆಯಲ್ಲಿ. ಧೂಸರನ ಪರದೆ ಕಣ್ಣು ಕುಕ್ಕುತ್ತಿತ್ತು.

"ಮಹಾರಾಣಿ, ನನ್ನ ಬಣ್ಣ ಮೂರು ದಿನಕ್ಕೆ ಅರಳುತ್ತದೆಂದು ಮೊದಲೇ ಹೇಳಿದ್ದೆ," ಎಂದು ಧೂಸರ ಕೈಮುಗಿದ. "ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಇಲ್ಲೇ ಉಳಿಯುತ್ತಿದ್ದವಳು ಈ ಹೆಂಗಸು. ಕಳ್ಳಿ ಯಾರೆಂದು ನಾನು ಹೇಳಬೇಕೆ?"

ಮಡಕೆಯವರು, ಚಾಪೆಯವರು, ತೊಟ್ಟಿಲಿನವರು ಎಲ್ಲರೂ ಪಾರವ್ವನತ್ತ ಕೈ ಮಾಡಿ ಕೂಗಿದರು. ಕಾವಲುಗಾರರು ಅವಳ ತೋಳು ಹಿಡಿದರು. ಅಷ್ಟರಲ್ಲಿ ಬಾಗಿಲ ಬಳಿ ಗದ್ದಲವಾಯಿತು. ಮನಸ್ಸು ತಡೆಯದೆ ಎತ್ತಿನ ಗಾಡಿ ಕಟ್ಟಿಸಿಕೊಂಡು ಬಂದ ದುಂಡವ್ವ ಕೋಲೂರುತ್ತ ಒಳಗೆ ನುಗ್ಗಿದಳು. ತೂಗಾಡುತ್ತಿದ್ದ ಕಸೂತಿ ನೋಡಿ ಅವಳ ಕಣ್ಣು ಕೆಂಪಾದವು.

"ಮಡಿಕಿ ಬಿಚ್ಚೀ ಏನ ನೀನು? ಮನಿಗೆ ನಡಿ, ಆಮ್ಯಾಲ ಐತಿ ನಿನಗ!" ಎಂದವಳು ಕಾವಲುಗಾರರನ್ನು ಕಂಡು ತಿರುಗಿದಳು. "ನೀವ್ಯಾಕ ಆಕೀ ಕೈ ಹಿಡದೀರಿ? ಬಿಡ್ರಿ! ಬಯ್ಯಾಕ ನಾನದೀನಿ."

"ಅವಳು ಬಣ್ಣ ಕದ್ದಿದ್ದಾಳೆ, ಅಜ್ಜಿ," ಎಂದಳು ರಾಣಿ.

"ಕದ್ದ ಬಣ್ಣಾನ? ತಡೀರಿ ತಾಯಿ. ನಮ್ಮ ಕೇರ್ಯಾಗ ಸೊಸೇರ ಕೆಲಸಾ ನಾವು ಮುಂದ ನೋಡೂದಿಲ್ಲ, ಹಿಂದ ನೋಡ್ತೀವಿ. ಕಳ್ಳಕೆಲಸ ಯಾವಾಗ್ಲೂ ಹಿಂದ ಇರತೈತಿ." ದುಂಡವ್ವ ಪಾರವ್ವನ ಪರದೆಯನ್ನು ತಿರುವಿ ಹಿಡಿದಳು. ಅದೇ ಆನೆ, ಅದೇ ಗೋಪುರ. ಆಮೇಲೆ ಎದುರು ಮಳಿಗೆಗೆ ನಡೆದಳು.

"ಹಿಂಬದಿ ನೋಡುವುದು ವ್ಯಾಪಾರದ ಮರ್ಯಾದೆಯಲ್ಲ!" ಎಂದು ಧೂಸರ ಅಡ್ಡ ಬಂದ.

"ತಿರುಗಿಸಿ," ಎಂದಳು ರಾಣಿ.

ದುಂಡವ್ವ ಕೋಲಿನಿಂದ ಪರದೆಯನ್ನು ಎತ್ತಿ ತಿರುವಿಹಾಕಿದಳು. ಹಿಂದೆ ಸಾವಿರಾರು ಗಂಟು. ಮಡಕೆಯ ಹಸಿರಿಗೊಂದು, ಚಾಪೆಯ ಹಳದಿಗೊಂದು, ತೊಟ್ಟಿಲ ಕೆಂಪಿಗೊಂದು. ಯಾರದ್ದು ಯಾವುದೆಂದು ಅವರವರೇ ಗುರುತು ಹಿಡಿದರು. "ಥೂ! ಇಂಥಾ ಹೊಲಿಗಿ ಹಾಕಿದ್ರ ಸೊಸಿ ಕೂಡ ಆರು ತಿಂಗಳು ಮಾತಾಡೂದಿಲ್ಲ ನಾನು," ಎಂದಳು ದುಂಡವ್ವ.

ಧೂಸರ ಮಂತ್ರ ಹೇಳಲು ಬಾಯಿ ತೆರೆದ. ಅದು ಹೊರಬೀಳುವ ಮೊದಲೇ ಪಾರವ್ವ ಕೈ ಬಿಡಿಸಿಕೊಂಡು ಓಡಿಬಂದು ಕುಪ್ಪಸದ ಸೂಜಿ ಕಿತ್ತಳು. ಮೊದಲು ಒಂದು ಹಸಿರು ಗಂಟು ಬಿಚ್ಚಿದಳು, ಉಳಿದ ಹಸಿರು ಗಂಟುಗಳೂ ತಾವೇ ಸಡಿಲಿ ಚಾವಡಿಯ ಹಸಿರೆಲ್ಲ ಮರಳಿತು. ಹಳದಿ ಗಂಟು ಬಿಚ್ಚಿದಳು, ಹಳದಿಯೆಲ್ಲ ಮರಳಿತು. ಕೆಂಪು ಗಂಟು ಬಿಚ್ಚಿದಳು, ಕೆಂಪೆಲ್ಲ ಮರಳಿತು. ನಡುವೆ ಬೂದಿಬಣ್ಣದ ಒಂದು ಗಂಟು ಉಳಿದಿತ್ತು. ಅದು ಧೂಸರನ ಜೀವ. ಅದನ್ನೂ ಬಿಚ್ಚಿದಳು. ಗಿಳಿ, ಹುಲಿ, ಹೆಬ್ಬಾವು ನೂಲಾಗಿ ಉದುರಿದವು. ಧೂಸರ ಇದ್ದಲ್ಲಿ ಒಂದು ಮೊಳ ಒರಟು ಬಟ್ಟೆ ಬಿದ್ದಿತ್ತು. "ಒಲಿ ಮ್ಯಾಲಿನ ಪಾತ್ರಿ ಇಳಸಾಕ ಆಕ್ಕತಿ," ಎಂದು ದುಂಡವ್ವ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಕೂಗಿದವರೆಲ್ಲ ಬಂದು ಪಾರವ್ವನ ಕೈ ಹಿಡಿದು ತಪ್ಪಾಯಿತೆಂದರು. ಐವತ್ತಾರು ದೇಶದ ವರ್ತಕರು ಸೂಜಿಕೇರಿಯ ಮಳಿಗೆಯ ಮುಂದೆ ಸಾಲುಗಟ್ಟಿದರು. ಹಿಂದು ಮುಂದು ತಿರುವಿ ನೋಡಿದರು, ಬಾಯಿ ತುಂಬ ಹೊಗಳಿದರು, ತನಗೆ ಮೊದಲು ತನಗೆ ಮೊದಲು ಎಂದರು. ಹೆಸರು ಅಳಿಸುವ ಪದ್ಧತಿಯನ್ನು ರಾಣಿ ಅಲ್ಲೇ ನಿಲ್ಲಿಸಿದಳು. ಕಡತ ತರಿಸಿ ಪಾರವ್ವನಿಗೆ, "ಈ ಕೆಲಸ ಯಾರದೆಂದು ಬರೆಸು," ಎಂದಳು.

"ಸೂಜಿಕೇರಿ ಎಂದರೆ ಸಾಕು," ಎಂದ ಕಡತ ಬರೆಯುವ ಕರಣಿಕ.

"ಸಾಲೂದಿಲ್ರೀ. ಕೇರಿ ಹೊಲಿಯೂದಿಲ್ಲ, ಮಂದಿ ಹೊಲೀತಾರ," ಎಂದು ಪಾರವ್ವ ತಲೆಯೆತ್ತಿ ನಿಂತು ಹೇಳತೊಡಗಿದಳು. "ದುಂಡವ್ವ. ಆನಿ ಅಂಬಾರಿ ಈಕೀದು. ಕೆಂಚವ್ವ, ಗೋಪುರ. ಸಾವಂತ್ರವ್ವ, ತುಳಸಿಕಟ್ಟಿ. ಗುರುಸಿದ್ದವ್ವ, ಕಣ್ಣು ಕಾಣೂದಿಲ್ಲ, ಬೆರಳಿನಿಂದ ಎಳಿ ಎಣಿಸಿ ಕುಂಚಿಗಿ ಹೊಲದಾಳ..."

ಕರಣಿಕನ ಮಸಿ ಎರಡು ಸಲ ಮುಗಿಯಿತು. ವರ್ತಕರು ನಿಂತೇ ಕೇಳಿದರು. ಹೇಳಿ ಮುಗಿಸಿ ಪಾರವ್ವ ಉಸಿರುಬಿಟ್ಟಳು.

ದುಂಡವ್ವ ಬೆರಳು ಮಡಿಸಿ ಎಣಿಸುತ್ತಿದ್ದಳು. "ಅರವತ್ತೆರಡ ಆತು. ಒಬ್ಬಾಕೀನ ಬಿಟ್ಟಿ."

"ಇಲ್ಲತ್ತಿ, ಎಲ್ಲಾರ್ನೂ ಹೇಳೀನಿ."

ದುಂಡವ್ವ ಕರಣಿಕನ ಹತ್ತಿರ ಹೋಗಿ ಕೋಲಿನಿಂದ ಕಡತದ ಪುಟ ಕುಟ್ಟಿದಳು. "ಬರೀರಿ. ಪಾರವ್ವ. ದೊಡ್ಡ ಅಕ್ಷರದಾಗ ಬರೀರಿ. ನನ್ನ ಸೊಸಿ."

ಸೂಜಿಕೇರಿಯ ಹೆಂಗಸರು ಅಂದಿನಿಂದ ತಮ್ಮ ಕೆಲಸವನ್ನು ಬಾಗಿಲ ಮುಂದೆಯೇ ತೂಗುಹಾಕಿದರು. ಹವಳದುರ್ಗದ ಜನ ಬಣ್ಣಬಣ್ಣದ ದಿಂಬಿಗೆ ತಲೆಯಿಟ್ಟು ನೂರು ವರ್ಷ ಸುಖವಾಗಿ ನಿದ್ದೆ ಮಾಡಿದರು. ಕತೆ ಕೇಳಿದ ನಿಮ್ಮ ದಿಂಬೂ ಮೆತ್ತಗಿರಲಿ.