ಏಳನೇ ರೌಂಡಬೌಟಿನ ಮನೆ

"ನಿಮ್ಮ ಹೆಬ್ಬೆರಳು ನಮ್ಮ ಮನೆ ಮೇಲೆ ಉಂಟು. ಸ್ವಲ್ಪ ತೆಗಿತೀರಾ?"

ಶಾಲೆಯ ಗೋಡೆಗೆ ಅಂಟಿಸಿದ್ದ ನಕಾಶೆಯ ಮುಂದೆ ನಿಂತಿದ್ದವನು ಬೆಚ್ಚಿ ಕೈ ಎಳೆದುಕೊಂಡ. ಅವನ ಬೆರಳಿದ್ದಲ್ಲಿ ಹಮದ್ ಟೌನ್ ಕಾಣಿಸಿತು, ಅದನ್ನು ಸೀಳಿಕೊಂಡು ಒಂದು ಕೆಂಪು ಪೆನ್ಸಿಲಿನ ಗೆರೆ. ರಾಜೀವಿ ಕಣ್ಣಲ್ಲೇ ರೌಂಡಬೌಟ್‌ಗಳನ್ನು ಎಣಿಸಿದಳು. ಐದನೆಯದಕ್ಕೆ ಗೆರೆ ನಿಂತಿತ್ತು. ಅವಳ ಮನೆ ಏಳನೆಯದರ ಪಕ್ಕ.

"ಗೆರೆ ಎಳೆದವರು ಯಾರು?"

"ನಾನೇ. ಸುಧೀಂದ್ರ ಅಂತ. ಅಸ್ಕರ್ ಹತ್ರ ಪ್ಲಾಂಟಲ್ಲಿ ಎಂಜಿನಿಯರ್, ಶಾಲಾ ಕಮಿಟಿ ಮೆಂಬರ್." ಅವನು ನಕ್ಕ. "ಬೈಯೋದಿದ್ರೆ ಕ್ಯೂನಲ್ಲಿ ಬನ್ನಿ. ನಿಮಗಿಂತ ಮುಂಚೆ ಹದಿನಾರು ಜನ ಇದ್ದಾರೆ."

"ನಾನು ಬೈಯುದಿಲ್ಲ. ನಿಮ್ಮ ಪೆನ್ಸಿಲ್ ಕೊಡಿ, ನಾನೇ ಎಳಿತೇನೆ."

ಅವನು ನಿಜಕ್ಕೂ ಪೆನ್ಸಿಲ್ ಚಾಚಿದ. ಕೊಡುವಾಗ ಅರೆಗಳಿಗೆ ಹಿಡಿದೇ ಇದ್ದು, ಆಮೇಲೆ ಬಿಟ್ಟ. ರಾಜೀವಿಗೆ ಮೂರು ವರ್ಷಗಳ ನಂತರ ಮೊದಲ ಬಾರಿಗೆ ತನ್ನ ಕೈ ಹೇಗೆ ಕಾಣಿಸುತ್ತದೆ ಎಂಬ ಯೋಚನೆ ಬಂತು.

ಅದು ೧೯೯೫ರ ಬಹರೈನ್. ಮನಾಮಾದ ವಿದ್ಯಾದೀಪ ಶಾಲೆಯಲ್ಲಿ ಒಂದು ಬೆಂಚಿಗೆ ನಾಲ್ಕು ಮಕ್ಕಳು ಕೂರುವಂತಾಗಿತ್ತು. ಕಮಿಟಿಯವರು ಅಸ್ಕರ್ ದಾರಿಯಲ್ಲಿ ಎರಡನೆಯ ಕಟ್ಟಡ ಹಿಡಿದಿದ್ದರು. ಬಸ್ಸುಗಳು ಅವೇ, ಟೀಚರುಗಳೂ ಅವರೇ ಆದ್ದರಿಂದ ಅಲ್ಲಿ ಮಧ್ಯಾಹ್ನದ ಪಾಳಿ, ಹನ್ನೆರಡರಿಂದ ಐದೂವರೆ. ಯಾರ ಮಕ್ಕಳು ಎಲ್ಲಿಗೆ ಎಂಬುದನ್ನು ಸಿ.ಪಿ.ಆರ್. ಎಂಬ ಗುರುತಿನ ಕಾರ್ಡಿನಲ್ಲಿದ್ದ ವಿಳಾಸ ತೀರ್ಮಾನಿಸುತ್ತಿತ್ತು. ಗೆರೆಯ ಒಳಗಿದ್ದವರು ಹಳೇ ಶಾಲೆಗೆ, ಹೊರಗಿದ್ದವರು ಹೊಸದಕ್ಕೆ.

ರಾಜೀವಿಯ ಗಂಡ ಮೂರು ವರ್ಷದ ಹಿಂದೆ ಕೆಲಸದ ಸೈಟಿನಲ್ಲೇ ಎದೆನೋವು ಬಂದು ತೀರಿಹೋಗಿದ್ದ. ಅವಳು ಊರಿಗೆ ಮರಳದೆ ಮನಾಮಾದಲ್ಲಿ ಬಂದರಿನ ಸರಕು ಬಿಡಿಸುವ ಕ್ಲಿಯರಿಂಗ್ ಆಫೀಸೊಂದರಲ್ಲಿ ಟೈಪಿಸ್ಟ್ ಕೆಲಸಕ್ಕೆ ವೀಸಾ ಮಾಡಿಸಿಕೊಂಡಳು. ಬೆಳಿಗ್ಗೆ ಆರೂವರೆಗೆ ಆಫೀಸಿನ ವ್ಯಾನು ಬರುತ್ತಿತ್ತು. ಅದೇ ಹೊತ್ತಿಗೆ ಏಳು ವರ್ಷದ ಸುರಕ್ಷಾಳ ಶಾಲೆ ಬಸ್ಸು. ಮಧ್ಯಾಹ್ನ ಮಗು ಆಫೀಸಿಗೇ ಬಂದು, ಅಮ್ಮನ ಮೇಜಿನ ಪಕ್ಕ ಹೋಂವರ್ಕ್ ಬರೆಯುತ್ತಿತ್ತು. ಪಾಳಿ ಬದಲಾದರೆ ಬೆಳಿಗ್ಗೆ ಐದು ತಾಸು ಸುರಕ್ಷಾ ಬೀಗ ಹಾಕಿದ ಮನೆಯಲ್ಲಿ ಒಬ್ಬಳೇ. ಮನಾಮಾದಲ್ಲಿ ಬಾಡಿಗೆ ಕೈಗೆಟುಕುವುದಿಲ್ಲ. ಕಾಪುವಿನಿಂದ ಅತ್ತೆ ಎರಡು ಸಲ ಫೋನ್ ಮಾಡಿದ್ದರು: "ಮಗುವನ್ನು ಇಲ್ಲಿಗೆ ಕಳಿಸು. ನೀನು ಅಲ್ಲಿ ದುಡಿ."

ಇದನ್ನೆಲ್ಲ ಕೇಳಿದ ಸುಧೀಂದ್ರ, "ಕನಿಕರಕ್ಕೆ ಗೆರೆ ಸರಿಸಲ್ಲ ರೀ. ಅಳೆದು ನೋಡೋಣ. ಹಳೇ ಶಾಲೆಗೆ ಬಸ್ಸಲ್ಲಿ ನಲವತ್ತು ನಿಮಿಷದ ಒಳಗಿದ್ರೆ ಗೆರೆ ಒಳಗೆ," ಎಂದ.

ಆ ಶುಕ್ರವಾರ, ವಾರದ ರಜೆಯ ದಿನ, ಅವನ ಬಿಳಿ ಕರೋಲಾ ಕಾರು ಏಳನೇ ರೌಂಡಬೌಟಿಗೆ ಬಂತು. ಸುರಕ್ಷಾ ಹಿಂದಿನ ಸೀಟಿನಲ್ಲಿ ಅಮ್ಮನ ಪಕ್ಕ ಅವನ ಕೈಗಡಿಯಾರ ಹಿಡಿದು ಕೂತಳು. ಅವನು ಬಸ್ಸಿನಂತೆ ನಿಧಾನ ಓಡಿಸಿ, ಪ್ರತಿ ಸ್ಟಾಪಿನಲ್ಲೂ ನಿಲ್ಲಿಸಿ, "ಹತ್ತಿ ಮಕ್ಕಳೇ, ಹತ್ತಿ," ಎಂದು ಕೂಗಿದ. ರಾಜೀವಿ ಸೆರಗು ಬಾಯಿಗೊತ್ತಿ ನಕ್ಕಳು.

"ಮೂವತ್ತಾರು ನಿಮಿಷ!" ಎಂದು ಕೂಗಿದಳು ಸುರಕ್ಷಾ.

"ಶುಕ್ರವಾರ ಟ್ರಾಫಿಕ್ ಇಲ್ಲ. ಲೆಕ್ಕಕ್ಕಿಲ್ಲ," ಎಂದ ಸುಧೀಂದ್ರ ಗಂಭೀರವಾಗಿ. "ಇನ್ನೊಮ್ಮೆ ಬರಬೇಕಾಗುತ್ತೆ."

"ಮುಂದಿನ ಶುಕ್ರವಾರ ಟ್ರಾಫಿಕ್ ಉಂಟಾ?"

"ಇಲ್ಲ." ಕನ್ನಡಿಯಲ್ಲಿ ಅವನ ಕಣ್ಣು ರಾಜೀವಿಯ ಕಣ್ಣಿಗೆ ಸಿಕ್ಕಿತು. "ಆದ್ರೂ ಬರ್ತೀನಿ."

ಬಂದ. ಒಂದು ಸೋಮವಾರ ರಜೆ ಹಾಕಿ ನಿಜವಾದ ಟ್ರಾಫಿಕ್ಕಿನಲ್ಲೂ ಅಳೆದ. ಮೂವತ್ತೆಂಟು. ಗೆರೆ ಏಳನೇ ರೌಂಡಬೌಟಿನವರೆಗೆ ಹೋಗುವುದು ನ್ಯಾಯವೇ ಆಗಿತ್ತು, ಅವನು ಹಾಗೇ ತಿದ್ದಿ ಎಳೆದ. ಅಲ್ಲಿ ಸುರಕ್ಷಾಳೂ ಸೇರಿ ಹನ್ನೊಂದು ಮಕ್ಕಳು. ಕೆಳಮನೆಯ ಚಂದ್ರಮ್ಮ ತನ್ನ ಮಗನೂ ಒಳಗೆ ಬಂದನೆಂದು ನೀರುದೋಸೆ ಮಾಡಿ ಕಳಿಸಿದಳು.

ಮೂರನೆಯ ಶುಕ್ರವಾರ ರಾಜೀವಿ ಮುಂದಿನ ಸೀಟಿನಲ್ಲಿದ್ದಳು, ಮಗು ಹಿಂದೆ ನಿದ್ದೆಹೋಗಿತ್ತು. ಅವಾಲಿ ದಾರಿಯ ಬದಿಗೆ ಕಾರು ನಿಲ್ಲಿಸಿ ಅವನು, "ಮೈಸೂರಿನಲ್ಲಿ ಅಮ್ಮ ಹೆಣ್ಣು ನೋಡಿ ನೋಡಿ ಸೋತಿದ್ದಾರೆ. ನಾನು ಇಲ್ಲಿ ಹುಡುಕಿಕೊಂಡೆ ಅಂತ ಬರೀಲಾ?" ಎಂದ.

"ಹುಡುಕಿದ್ದಾ? ನಾನೇ ಬಂದು ನಿಮ್ಮ ಹೆಬ್ಬೆರಳು ತೆಗೆಸಿದ್ದು ಮಾರಾಯ್ರೆ."

ಅವನು ಅವಳ ಬೆರಳ ತುದಿಯನ್ನು ಮುಟ್ಟಿದ. ಅಷ್ಟೇ. ಆ ವಾರವೆಲ್ಲ ಅವಳು ಟೈಪ್ ಮಾಡಿದ ಕಾಗದಗಳಲ್ಲಿ ತಪ್ಪೇ ತಪ್ಪು.

ಕಮಿಟಿಯ ಕೊನೆಯ ಸಭೆಗೆ ಶಾಲೆಯ ಹಾಲ್ ತುಂಬಿತ್ತು. ಮೂರು ಅಂಗಡಿಗಳ ಮಾಲೀಕ ತಾರಾನಾಥ ಎದ್ದು ನಿಂತ. ಅವನ ಮನೆ ಒಂಬತ್ತನೇ ರೌಂಡಬೌಟಿನಲ್ಲಿ, ಅವನ ಮಗ ಹೊರಗೆ ಬಿದ್ದಿದ್ದ.

"ಎಂಜಿನಿಯರ್ರೆ, ಗೆರೆ ನೇರ ಬಂದು ಏಳನೇದರ ಹತ್ರ ಯಾಕೆ ಹೊಟ್ಟೆ ಬಿಟ್ಟಿದೆ? ಅಲ್ಲಿ ಯಾರ ಮನೆ ಉಂಟು? ಶುಕ್ರವಾರ ಶುಕ್ರವಾರ ನಿಮ್ಮ ಕಾರು ಅಲ್ಲಿ ಎಂತ ಅಳಿತದೆ?"

ಹಾಲ್ ಕಿಸಕ್ಕೆಂದಿತು. ಗಂಡಸರು ಹಿಂತಿರುಗಿ ರಾಜೀವಿಯನ್ನು ನೋಡಿದರು, ಹೆಂಗಸರು ಅವಳನ್ನು ಬಿಟ್ಟು ಉಳಿದದ್ದನ್ನೆಲ್ಲ ನೋಡಿದರು. ಅವಳು ಸುಧೀಂದ್ರನ ಮುಖವನ್ನೇ ನೋಡುತ್ತ ಕಾದಳು. ಈಗ ಹೇಳುತ್ತಾನೆ. ಮೂವತ್ತೆಂಟು ನಿಮಿಷ ಎನ್ನುತ್ತಾನೆ. ಇವಳನ್ನು ಮದುವೆಯಾಗುವವನು ನಾನು ಎನ್ನದಿದ್ದರೂ ಸರಿ, ಮೂವತ್ತೆಂಟು ನಿಮಿಷ ಎಂದರೆ ಸಾಕು.

"ಆಕೆ ನನಗೆ ಯಾರೂ ಅಲ್ಲ," ಎಂದ ಸುಧೀಂದ್ರ. ಅವನ ಕಿವಿ ಕೆಂಪಾಗಿತ್ತು. "ಮನೆ ಬಾಗಿಲಿಗೆ, ಕಾರಿನ ಬಾಗಿಲಿಗೆ ಬಂದು ಕಾಡಿದ್ರು. ಗಂಡ ಇಲ್ಲದ ಹೆಂಗಸು ಅಂತ ಕನಿಕರಪಟ್ಟೆ. ತಪ್ಪಾಯ್ತು. ಗೆರೆ ಐದನೇದಕ್ಕೇ ನಿಲ್ಲುತ್ತೆ."

ಅವನು ರಬ್ಬರ್ ಕೇಳಿ ಪಡೆದು, ಎಲ್ಲರೆದುರೇ ಉಜ್ಜಿದ. ಯಾರೋ ಚಪ್ಪಾಳೆ ತಟ್ಟಿದರು.

ರಾಜೀವಿ ಎದ್ದಳು. "ಅಳೆದದ್ದು ಎಷ್ಟು ನಿಮಿಷ ಬಂತು? ಅದನ್ನಾದರೂ ಹೇಳಿ."

"ಕೂತ್ಕೊಳ್ಳಿ ಮೇಡಂ," ಎಂದ ಅವನು, ನಕಾಶೆಯನ್ನೇ ನೋಡುತ್ತ.

"ಅಮ್ಮ, ಅಂಕಲ್ ಮರ್ತರಾ?" ಸುರಕ್ಷಾ ಕೇಳಿದಳು, ಗಟ್ಟಿಯಾಗಿಯೇ. "ಥರ್ಟಿ ಎಯ್ಟ್ ಅಲ್ವಾ?"

ಮತ್ತೊಮ್ಮೆ ನಗು ಎದ್ದಿತು.

ಮೂರು ದಿನದ ಮೇಲೆ ಅವನು ಆಫೀಸಿಗೆ ಬಂದ. ಕ್ಷೌರ ಮಾಡಿರಲಿಲ್ಲ. ಅವಳ ಮೇಜಿನ ಮೇಲೆ, ಮಗುವನ್ನು ಊರಿನ ಶಾಲೆಗೆ ಕಳಿಸಲು, ಸುರಕ್ಷಾಳ ಟಿ.ಸಿ. ಅರ್ಜಿ ಅರ್ಧ ತುಂಬಿತ್ತು.

"ನಾನು ಹೇಡಿ ರಾಜೀವಿ. ಒಪ್ಪಿಕೊಳ್ತೀನಿ. ನಾವು ಮದುವೆಯಾಗೋಣ. ನನ್ನ ಫ್ಲಾಟ್ ಗುದೈಬಿಯಾದಲ್ಲಿದೆ, ಗೆರೆಯ ಒಳಗೆ. ವಿಳಾಸ ಬದಲಾದರೆ ಪುಟ್ಟಿ ಇಲ್ಲೇ ಓದಬಹುದು."

"ಮೊದಲು ಅದೇ ಹಾಲಿನಲ್ಲಿ ನಿಂತು ನಿಜ ಹೇಳಿ. ಉಳಿದ ಹತ್ತು ಮಕ್ಕಳಿದ್ದಾರೆ."

"ಲಿಸ್ಟಿಗೆ ಸಹಿ ಆಗಿದೆ. ಈಗ ಬಾಯಿ ಬಿಟ್ಟರೆ ಕಮಿಟಿಯಲ್ಲಿ ನನ್ನ ಮಾನ..." ಅವನು ನಿಲ್ಲಿಸಿದ. "ನಿನ್ನನ್ನ ಪ್ರೀತಿಸ್ತೀನಿ. ಅದು ಸಾಲದಾ?"

ರಾಜೀವಿ ಅರ್ಧ ತುಂಬಿದ ಅರ್ಜಿಯನ್ನು ಮಡಚಿ ಡ್ರಾಯರಿಗೆ ಹಾಕಿದಳು.

"ಆಯ್ತು. ಮದುವೆ ಆಗುವ. ಒಂದು ಮಾತು ಈಗಲೇ ಕೇಳಿಕೊಳ್ಳಿ. ನಿಮ್ಮ ಪ್ರೀತಿಗೆ ನಾನು ಬರುದಲ್ಲ. ನಿಮ್ಮ ವಿಳಾಸಕ್ಕೆ ಬರುದು."

"ಹಾಗೆ ಬಂದರೂ ಸರಿ," ಎಂದ ಅವನು ಮೆಲ್ಲಗೆ. ಕಾಲ ಕಳೆದರೆ ಎಲ್ಲ ಸರಿಹೋದೀತೆಂದು ನಂಬಿದ್ದನೇನೋ.

ಮನಾಮಾದ ದೇವಸ್ಥಾನದಲ್ಲಿ ಹತ್ತು ಜನರ ಮುಂದೆ ಅವಳ ಕೊರಳಿಗೆ ತಾಳಿ ಬಿತ್ತು. ತಾರಾನಾಥನೂ ಬಂದು ಬೆಳ್ಳಿಯ ಕುಂಕುಮದ ಭರಣಿ ಕೊಟ್ಟು, "ನಾನು ಹೇಳಿದ್ದು ಸುಳ್ಳಾಗಲಿಲ್ಲ ನೋಡಿ," ಎಂದು ನಕ್ಕ. ಸಾಮಾನು ಕಟ್ಟುವ ದಿನ ಚಂದ್ರಮ್ಮ ಬಾಗಿಲಲ್ಲಿ ನಿಂತು, "ನಿಮಗೆ ಸೀಟು ಸಿಕ್ಕಿತು. ನನಗೆ ಗಂಡ ಇದ್ದಾನಲ್ಲ, ನಾನೆಂತ ಮಾಡುದು?" ಎಂದಳು. ರಾಜೀವಿ ಬಗ್ಗಿ ಪೆಟ್ಟಿಗೆಯ ಹಗ್ಗ ಬಿಗಿದಳು.

ಶಾಲೆ ತೆರೆದ ಬೆಳಿಗ್ಗೆ ಇಬ್ಬರೂ ಸುರಕ್ಷಾಳನ್ನು ಹಳೇ ಕಟ್ಟಡದ ಗೇಟಿನವರೆಗೆ ನಡೆಸಿಕೊಂಡು ಹೋದರು. ಮಗು ತಿರುಗಿ ಅಮ್ಮನಿಗೆ ಮಾತ್ರ ಟಾಟಾ ಮಾಡಿ ಓಡಿತು.

ಗುಲ್ಮೊಹರಿನ ನೆರಳಿನಲ್ಲಿ ಸುಧೀಂದ್ರ ನಿಂತ. "ಅವತ್ತು ಅವಾಲಿ ದಾರೀಲಿ... ನೀನು ನನ್ನನ್ನ ನಿಜವಾಗ್ಲೂ ಇಷ್ಟಪಟ್ಟಿದ್ಯಾ?"

"ಹೌದು."

"ಎಷ್ಟು?"

"ನೀವು ಕೇಳಿದ್ದರೆ ಮಗುವನ್ನು ಊರಿಗೆ ಕಳಿಸಿಯಾದರೂ ನಿಮ್ಮ ಜೊತೆ ಇರುತ್ತಿದ್ದೆನೋ ಏನೋ. ಅಷ್ಟು."

ಅವನ ಕಣ್ಣು ತುಂಬಿತು. ಅವಳ ಕೈಗೆ ಕೈ ಚಾಚಿದ. ರಾಜೀವಿ ತಡೆಯಲಿಲ್ಲ. ರಸ್ತೆಯಲ್ಲಿ ಜನ ನೋಡುತ್ತಿದ್ದರು. ಅವಳು ತನ್ನ ಕೈಯನ್ನು ಅವನ ಕೈಯಲ್ಲಿ ಹಾಗೇ ಬಿಟ್ಟು, "ನಡೀರಿ ಸಾರ್, ನನಗೆ ಆಫೀಸಿಗೆ ತಡ ಆಗ್ತದೆ," ಎಂದಳು.

ಆಮೇಲೆಯೂ ಅವಳು ಅವನನ್ನು ಸಾರ್ ಎಂದೇ ಕರೆದಳು.