ಸೋರದ ಮುಚ್ಚಳ

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಸಾಮಿಲ್ಲಿನ ಯಜಮಾನರು ದಿಮ್ಮಿಗಳ ರಾಶಿಯಡಿ ಸಿಕ್ಕಿ ಸತ್ತಿದ್ದರು. ರಾಶಿಗೆ ಆಸರೆ ಕೊಟ್ಟಿದ್ದ ಗೂಟವನ್ನು ಯಾರೋ ಚೈನ್ ಗರಗಸದಿಂದ ಕತ್ತರಿಸಿದ್ದರು. ದೊಡ್ಡ ಯಂತ್ರದ ಗದ್ದಲದಲ್ಲಿ ಯಾರಿಗೂ ಏನೂ ಕೇಳಿಸಿರಲಿಲ್ಲ.

"ನಮ್ಮನೆಯವ್ರು ಅಂಥವರಲ್ಲ ಅಮ್ಮಾ. ನಿನ್ನೆ ಯಜಮಾನರ ಜೊತೆ ಜಗಳ ಆಡಿದ್ದಕ್ಕೆ ಪೊಲೀಸ್ನೋರು ಇವತ್ತೇ ಕರ್ಕೊಂಡ್ಹೋಗ್ತಾರಂತೆ!" ಎಂದು ಮಿಲ್ಲಿನ ಮೇಸ್ತ್ರಿಯ ಹೆಂಡತಿ ಗೋಳಾಡಿದಾಗ, ಪತ್ತೇದಾರಿಕೆಯಲ್ಲೇ ತಲೆ ನರೆಸಿಕೊಂಡಿದ್ದ ದೊಡ್ಡಮ್ಮ ಚಪ್ಪಲಿ ಮೆಟ್ಟಿದರು. ಅವರ ತಂಗಿಯ ಮಗ ಗಿಣಿರಾಯ ಎಂದಿನಂತೆ ಹಿಂದೆಯೇ ಹೊರಟ. ವಟವಟ ಎನ್ನುವ ಅವನ ಬಾಯಿಗೂ ಆ ಅಂಗಳದಲ್ಲಿ ಬೀಗ ಬಿತ್ತು. ನೆಲದ ಮೇಲೆ ರಕ್ತ ಆಗಲೇ ಕಪ್ಪಗಾಗಿತ್ತು. ಅಲ್ಲಿದ್ದ ಯಾರೋ ಒಬ್ಬರು ಕೊಲೆಗಾರರೆಂದು ನೆನೆದು ಅವನಿಗೆ ಭಯವಾಯಿತು.

ಗರಗಸ ಮರದ ಪುಡಿಯ ಮೇಲೆ ಹಾಗೇ ಬಿದ್ದಿತ್ತು. ದೊಡ್ಡಮ್ಮ ಅದನ್ನು ಎತ್ತಿಸಿ ಕೆಳಗೆ ಮುಟ್ಟಿ ನೋಡಿದರು. ಪುಡಿ ಒಣಗಿತ್ತು, ಗರಗಸದ ಎಣ್ಣೆಯ ತೊಟ್ಟಿ ತುಂಬಿತ್ತು.

"ನಿನ್ನೆ ಯಜಮಾನರ ಹತ್ತಿರ ಏನಪ್ಪ ಜಗಳ?" ಎಂದು ಮೇಸ್ತ್ರಿಯನ್ನು ಕೇಳಿದರು.

"ಈ ಎಣ್ಣೆ ತೊಟ್ಟಿಯ ಹಾಳು ಮುಚ್ಚಳದ್ದೇ ಅಮ್ಮಾ! ಬಾಣದ ಗುರುತಿನವರೆಗೆ ತಿರುಗಿಸಿದ್ರೆ ಮುಚ್ಚಿದ ಹಾಗೇ ಕಾಣುತ್ತೆ. ಎತ್ತಿದ್ರೆ ಪ್ಯಾಂಟೆಲ್ಲ ಎಣ್ಣೆ. ಬೇರೆ ಹಾಕ್ಸಿ ಅಂತ ಬೇಡ್ಕೊಂಡು ಸಾಕಾಗಿತ್ತು. ಇವತ್ತೂ ಎಲ್ಲ ಸೋರಿ ಹೋಯ್ತು ಅಂತ ತೊಟ್ಟಿ ಖಾಲೀನೇ ಬಿಟ್ಟು ಊಟಕ್ಕೆ ಹೋಗಿದ್ದೆ."

"ನಮ್ಮ ಯಜಮಾನರದ್ದೂ ಅದೇ ಪಾಡು. ಒಗೆದೂ ಒಗೆದೂ ನನ್ನ ಕೈ ಸೋತಿತ್ತು," ಎಂದು ಯಜಮಾನರ ಹೆಂಡತಿ ಬಿಕ್ಕಿದರು.

ಯಜಮಾನರ ತಮ್ಮ ದೂರ ನಿಂತಿದ್ದ. "ನನ್ನನ್ನೇನೂ ಕೇಳ್ಬೇಡಿ. ನಾನು ಆಫೀಸಿನ ಕೆಲಸದವನು, ಅದನ್ನ ಮುಟ್ಟಿದ್ದೇ ಇಲ್ಲ. ಅಣ್ಣ ಬಿಡ್ತಾನೂ ಇರಲಿಲ್ಲ."

ದೊಡ್ಡಮ್ಮ ಎಲ್ಲರನ್ನೂ ಗರಗಸದ ಸುತ್ತ ಸೇರಿಸಿ, ಮುಚ್ಚಳ ತೆಗೆದು ಮೇಸ್ತ್ರಿಗೆ ಕೊಟ್ಟರು. ಅವನು ಮುಚ್ಚಿ ಎತ್ತಿದ. ಎಣ್ಣೆ ಅವನ ಮೊಣಕಾಲ ಮೇಲೆ ಇಳಿಯಿತು.

"ನೀನೂ ಒಂದ್ಸಲ ನೋಡಪ್ಪ," ಎಂದು ಅವರು ಮುಚ್ಚಳವನ್ನು ತೆಗೆದು ತಮ್ಮನ ಮುಂದೆ ಹಿಡಿದರು. ಅವನು ಬೇಸರದಿಂದ ತೆಗೆದುಕೊಂಡು ಕೂರಿಸಿದ, ಮೊದಲು ಹಿಂದಕ್ಕೆ ತಿರುಗಿಸಿದ, ಟಿಕ್ ಎಂದಿತು, ಆಮೇಲೆ ಮುಂದಕ್ಕೆ ಬಿಗಿದ. ಎತ್ತಿದಾಗ ಒಂದು ಹನಿಯೂ ಬೀಳಲಿಲ್ಲ.

"ಮೇಸ್ತ್ರಿ ಬೇಕಂತಲೇ ಚೆಲ್ಲಿರಬಹುದಲ್ಲ?" ಎಂದರು ಮೇಸ್ತ್ರಿಯನ್ನು ಕರೆದೊಯ್ಯಲು ಬಂದಿದ್ದ ಇನ್ಸ್‌ಪೆಕ್ಟರು.

"ಬೇಕಂತ ಚೆಲ್ಲಬಹುದು ಸಾರ್. ಆದರೆ ಮುಟ್ಟದೇ ಇದ್ದವನ ಕೈಗೆ ಹಿಂದಕ್ಕೆ ತಿರುಗಿಸೋದು ಹೇಗೆ ಬಂತು? ತೊಟ್ಟಿ ಖಾಲಿ ಇತ್ತು, ಎಣ್ಣೆ ಇಲ್ಲದೆ ಓಡಿಸಿದ್ರೆ ಚೈನು ಕಾದು ಹಿಡ್ಕೊಳ್ಳುತ್ತೆ. ಕೊಂದವನು ತುಂಬಿಸಿ ಮುಚ್ಚಿದ. ಮೇಸ್ತ್ರಿ ಮುಚ್ಚಿದ್ದರೆ ಕೆಳಗಿನ ಪುಡಿ ನೆನೆದಿರ್ತಿತ್ತು. ಮುಚ್ಚಿದವನು ಕದ್ದು ಕಲಿತವನು."

ತಮ್ಮ ತನ್ನ ಕೈಯನ್ನೇ ನೋಡುತ್ತ ನಿಂತ. ಆಮೇಲೆ ಸಿಡಿದ. "ಹೌದು! ಅವನಿಲ್ಲದಾಗ ಎಲ್ಲ ಮೆಷಿನ್ನೂ ಕಲಿತೆ. ಅವನಿಗಿಂತ ಚೆನ್ನಾಗಿ ಕಲಿತೆ. ಆದ್ರೂ ಕೂಲಿಯವನ ಮುಂದೆ ನನ್ನ ಕೈಯಿಂದ ಗರಗಸ ಕಿತ್ಕೊಂಡ. ಸ್ವಂತ ಮಿಲ್ಲಲ್ಲಿ ಅನ್ಯನ ಥರ ಕೂರಿಸಿದ್ದ."

ಅತ್ತಿಗೆ ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡರು. ಬೈಯುತ್ತಾರೆಂದೇ ಎಲ್ಲರೂ ಅಂದುಕೊಂಡರು.

"ನಿಮ್ಮಪ್ಪನ ಬೆರಳು ಇದೇ ಮಿಲ್ಲಲ್ಲಿ ಹೋಗಿದ್ದನ್ನ ನಿಮ್ಮಣ್ಣ ಕಣ್ಣಾರೆ ನೋಡಿದ್ರು. ಇವು ಹತ್ತೂ ಉಳೀಲಿ ಅಂತ ಕಣೋ ಮುಟ್ಟಬೇಡ ಅಂದಿದ್ದು."